ಟೊಳ್ಳು ಚುಕ್ಕೆ

ಮಹೇಂದ್ರ ಆ ಮಾತು ಹೇಳಿದ್ದು ಅವಳಿಗಲ್ಲ. ಮೈಸೂರಿನ ಯಾವುದೋ ದೊಡ್ಡ ಅಂಗಡಿಗಳ ಕಂಪನಿಯಿಂದ ಬಂದಿದ್ದ ರುದ್ರಸ್ವಾಮಿಗೆ. ಅದೂ ನಗುನಗುತ್ತ, ಟೀ ಲೋಟವನ್ನು ಸೌಂದರ್ಯಳ ಮೇಜಿನ ಅಂಚಿಗೇ ಇಟ್ಟು, ಅವಳ ಪರದೆಯತ್ತ ಬೆರಳು ಮಾಡಿ. "ತುಂಬಿದ ಚುಕ್ಕೆ ಕಾಣ್ತಿದ್ಯಲ್ಲ ಸಾರ್, ಅದು ಮನುಷ್ಯ ಹೋಗಿದ್ದು. ಈ ಟೊಳ್ಳು ಚುಕ್ಕೆ ಇದ್ಯಲ್ಲ, ಇದು ಅವ್ನು ಹೋಗ್ಬೇಕಾಗಿದ್ದು." ಸೌಂದರ್ಯಳ ಕೈ ಮೌಸಿನ ಮೇಲೆ ಇದ್ದಲ್ಲೇ ನಿಂತಿತು. ಕಿವಿಯ ಹಿಂದೆ ಯಾರೋ ತಣ್ಣಗೆ ಊದಿದ ಹಾಗಾಯಿತು. ಕೋಟೆ ಬಸ್‌ಸ್ಟ್ಯಾಂಡಿನ ಎದುರು ಸಿಮೆಂಟ್ ಅಂಗಡಿಯ ಮೇಲಿನ ಈ ಮಹಡಿಯಲ್ಲಿ ಏಳು ತಿಂಗಳಿಂದ ಅವಳು ಮ್ಯಾಪಿನ ಮೇಲಿನ ಚುಕ್ಕೆಗಳಿಗೆ, ದಿನಕ್ಕೆ ಮುನ್ನೂರರಂತೆ, ಹೆಸರು ಕೊಡುತ್ತ ಕೂತಿದ್ದಳು. ಇದು ಮನೆ, ಇದು ಹೊಲ, ಇದು ಡೈರಿ, ಇದು ಅಂಗಡಿ. ಚುಕ್ಕೆಗಳಲ್ಲಿ ಎರಡು ಬಗೆ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೆ? ಮೊದಲ ದಿನ ಎಲ್ಲರನ್ನೂ ಕೂರಿಸಿ, ಆಫೀಸು ನಡೆಸುವ ಮಹೇಂದ್ರ ಗೋಡೆಯ ಮೇಲೆ ಚಿತ್ರ ಬಿಟ್ಟು ಪಾಠ ಮಾಡಿದ್ದ. ಅವಳು ಹಿಂದಿನ ಸಾಲಿನಲ್ಲಿದ್ದಳು. ಹಾಜರಿ ಕೂಗುವಾಗ "ಸೌಂದರ್ಯ ಯಾರು?" ಎಂದಾಗ ಮುಂದಿನ ಸಾಲಿನ ಇಬ್ಬರು ಹುಡುಗರು ತಿರುಗಿ ಅವಳ ಮುಖ ನೋಡಿ, ಮತ್ತೆ ಒಬ್ಬರನ್ನೊಬ್ಬರು ನೋಡಿಕೊಂಡಿದ್ದರು. ಅಷ್ಟೇ. ಆಮೇಲೆ ಮಹೇಂದ್ರ ಹೇಳಿದ್ದು ಯಾವುದೂ ಅವಳ ಕಿವಿಗೆ ಬೀಳಲಿಲ್ಲ. ಮರುದಿನ ಕೇಳಬಹುದಾಗಿತ್ತು. ಕೇಳಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಏಳು ತಿಂಗಳು ಕೇಳದೆಯೇ ಕೆಲಸ ನಡೆದಿತ್ತು.

"ಚಾರ್ಜು ಸಾರ್, ಎಲ್ಲಾ ಚಾರ್ಜಿನ ಮೇಲೆ ನಿಂತಿರೋದು," ಮಹೇಂದ್ರ ಹೇಳುತ್ತಿದ್ದ. ಅವನು ಕೃಷ್ಣರಾಜನಗರದ ಕಡೆ ಹೊಸ ಅಗ್ರಹಾರದವನು. ಹೊರಗಿನವರು ಬಂದರೆ ಅವನ ಮಾತಿಗೆ ಇಸ್ತ್ರಿ ಬೀಳುತ್ತಿತ್ತು, ಹುಮ್ಮಸ್ಸು ಬಂದಾಗ ಆ ಇಸ್ತ್ರಿ ಮುದುರುತ್ತಿತ್ತು. "ಈ ಕಡೆ ಜನ ಮೂರು ದಿನಕ್ಕೊಂದ್ಸಲ ಚಾರ್ಜಿಗೆ ಹಾಕೋರು. ನಮ್ ಆ್ಯಪು ಚಾರ್ಜು ತಿಂತದೆ ಅಂತ ಗೊತ್ತಾಯ್ತೋ, ಕಿತ್ತಾಕ್ಬುಡ್ತಾರೆ. ಆನೆ ಬಂದ್ರೆ ಕೂಗುತ್ತೆ ಅಂತ ಹಾಕಿಸ್ಕೊಂಡಿರೋರು ಅವರು. ಅದಕ್ಕೆ ನಮ್ದು ಓಡಾಡೋವಾಗ ಸುಮ್ನಿರುತ್ತೆ. ಮನುಷ್ಯ ಒಂದ್ಕಡೆ ನಿಂತ ಮೇಲೆ ಒಂದೇ ಒಂದ್ಸಲ ಕಣ್ಬಿಟ್ಟು ಜಾಗ ನೋಡ್ಕೊಂಡು, ಒಂದು ಚುಕ್ಕೆ ಇಟ್ಟು ಮಲಗ್ಬುಡುತ್ತೆ. ಮತ್ತೆ ಫೋನ್ ಅಲ್ಲಾಡೋವರ್ಗೂ ಏಳಲ್ಲ. ಮಿಕ್ಕಿದ್ದನ್ನ ಇಲ್ಲಿ ಮಿಷನ್ ತುಂಬ್ಕೊಳ್ಳುತ್ತೆ."

"ತುಂಬ್ಕೊಳ್ಳೋದು ಅಂದ್ರೆ?"

"ಮೂರು ತಿಂಗಳು ಅವ್ನ ಓಡಾಟ ನೋಡಿರ್ತದಲ್ಲ ಸಾರ್. ಜೊತೆಗೆ ಅಂಥೋರೇ ಇನ್ನೂ ನೂರು ಜನ ಏನ್ಮಾಡ್ತಾರೆ ನೋಡುತ್ತೆ. ಸಂತೆ ದಿನ ಸಂತೆಗೆ ಹೋಗೋನು ಸಂತೆಗೇ ಹೋಗ್ತಾನೆ. ಮಳೆ ಹಿಡಿದ ವಾರ ಟಾರ್ಪಾಲು ಎಷ್ಟು ಹೋಗುತ್ತೆ, ಗಂಬೂಟು ಎಷ್ಟು ಹೋಗುತ್ತೆ, ನೀವು ಗಾಡಿ ತುಂಬೋಕೆ ಮುಂಚೆ ಹೇಳ್ತೀವಿ."

"ಅವ್ನು ಹೋಗ್ದೇ ಇದ್ರೆ?"

"ನೂರಕ್ಕೆ ಎಂಬತ್ತೇಳು ಜನ ಹೋಗೇ ಹೋಗ್ತಾರೆ."

"ಮಿಕ್ಕ ಹದಿಮೂರು?"

"ಅವರು ನಿಮ್ ಗಿರಾಕಿಗಳಲ್ಲ ಬಿಡಿ ಸಾರ್."

ಇಬ್ಬರೂ ನಕ್ಕರು. ಸೌಂದರ್ಯಳೂ ನಗಬೇಕೇನೋ ಎಂದು ತುಟಿ ಅಗಲಿಸಿದಳು. ತುಟಿ ಹಲ್ಲಿಗೆ ಅಂಟಿಕೊಂಡಿತು. ಮೊನ್ನೆ ಬೆಳಿಗ್ಗೆ ಮನೆಯ ಹಿತ್ತಲಲ್ಲಿ ನಿಂಗಿ ಅವಳ ಈ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಅಪ್ಪನ ಹೊಗೆಸೊಪ್ಪಿನ ಕಣದಲ್ಲಿ ಎಂಟು ವರ್ಷದಿಂದ ಸೊಪ್ಪು ಕಟ್ಟುವ ನಿಂಗಿ, ಎಲೆಯ ಅಂಟು ಹತ್ತಿ ಕಪ್ಪಾದ ಬೆರಳುಗಳನ್ನು ಸೆರಗಿನಲ್ಲಿ ಉಜ್ಜಿಕೊಳ್ಳುತ್ತ, "ಅವ್ವಾ, ನಿಮ್ ಆಪೀಸ್ನಾಗೆ ಎಲ್ರೂ ಕಾಣ್ತಾರಂತಲ್ಲ. ನಮ್ಮೋರು ಕಾಣ್ತಾರಾ ಒಸಿ ನೋಡಿ. ಓಗಿ ನಾಕು ದಿನ ಆಯ್ತು. ಕೊಡಗಿಗೆ ಕೂಲಿಗ್ ಓದ್ರೂ ಏಳ್ದೆ ಓಗೋರಲ್ಲ," ಎಂದಿದ್ದಳು. ಆಫೀಸಿನ ನಿಯಮದಂತೆ ಪರದೆಯಲ್ಲಿ ಯಾರ ಹೆಸರೂ ಇರುವುದಿಲ್ಲ, ಅಂಕಿ ಮಾತ್ರ. ಆದರೆ ನಿಂಗಿಯ ಗಂಡ ಕೇತನ ಅಂಕಿ ಅವಳಿಗೆ ಬಾಯಿಪಾಠ. ಕೆಲಸಕ್ಕೆ ಸೇರಿದ ತಿಂಗಳು ಒಬ್ಬೊಬ್ಬರೂ ಇಪ್ಪತ್ತು ಫೋನುಗಳಿಗೆ ಆ್ಯಪ್ ಹಾಕಿಸಬೇಕಿತ್ತು. ಉಳಿದವರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಜನರನ್ನು ಮಾತಾಡಿಸಿ ಹಾಕಿಸಿದರು. ಅವಳಿಗೆ ಬಾಯಿ ಬಿಡಲಾಗದೆ ಅಪ್ಪನ ಕೆಲಸದಾಳುಗಳ ಫೋನುಗಳನ್ನೇ ತೆಗೆದುಕೊಂಡಳು. ಅವರು ಇಲ್ಲವೆನ್ನುವಂತಿರಲಿಲ್ಲ. ಕೇತ ಫೋನು ಕೊಡುತ್ತ, "ಆನೆ ಬಂದ್ರೆ ಇದು ಕೂಗ್ತದೆ ಸರಿ ಕಣವ್ವ, ನನ್ಗಿಂತ ಮುಂಚೆ ಓಡೋಗಕಿಲ್ಲ ತಾನೆ?" ಎಂದು ಎಲ್ಲರನ್ನೂ ನಗಿಸಿದ್ದ. ಒಪ್ಪಿಗೆಯ ಗುಂಡಿಯನ್ನು ಒತ್ತಿದ ಬೆರಳೂ ಅವನದಾಗಿರಲಿಲ್ಲ.

ಮೊನ್ನೆ ಆಫೀಸಿಗೆ ಬಂದವಳೇ ಕಳ್ಳತನದಿಂದ ಆ ಅಂಕಿ ಹೊಡೆದು ನೋಡಿದ್ದಳು. ಅಂತರಸಂತೆಯ ಸಂತೆಮಾಳದ ಮೇಲೆ ಒಂದು ಚುಕ್ಕೆ. ಹಿಂದಿನ ದಿನ, ಸಂತೆಯ ದಿನ, ಹತ್ತೂವರೆಯಿಂದ ಹನ್ನೊಂದೂಕಾಲು. ಆಗ ಅವಳೊಳಗೆ ಹಿಗ್ಗು ಎದ್ದಿತ್ತು. ಹುಟ್ಟಿದಾಗಿಂದ ಯಾರೂ ಅವಳನ್ನು ಏನನ್ನೂ ಕೇಳಿರಲಿಲ್ಲ. ಕೇಳಿದ್ದರೂ ಅವಳಲ್ಲಿ ಉತ್ತರ ಇರುತ್ತಿರಲಿಲ್ಲ. ಅಂದು ಇತ್ತು. ಮನೆಗೆ ಫೋನು ಮಾಡಿ, ಅಪ್ಪನ ಕೈಯಿಂದ ಫೋನನ್ನು ನಿಂಗಿಗೆ ಕೊಡಿಸಿ, "ಇದಾನೆ ನಿಂಗಿ. ನಿನ್ನೆ ಸಂತೇಲಿದ್ದ. ಮುಕ್ಕಾಲು ಗಂಟೆ ಇದ್ದ," ಎಂದಿದ್ದಳು. ಮುಕ್ಕಾಲು ಗಂಟೆ ಎಂದದ್ದು ನಂಬಿಕೆ ಬರಲೆಂದು. ಕಾಡಂಚಿನಲ್ಲಿ ಕೇತನ ಜನ ಇರುವ ಹಾಡಿಯಿಂದ ಅವನ ಚಿಕ್ಕಪ್ಪ ಕುಳ್ಳಯ್ಯ ಆರೇಳು ಜನ ಗಂಡಸರನ್ನು ಕರಕೊಂಡು ಕಾಡಂಚು ಹುಡುಕಲು ಹೊರಟಿದ್ದನಂತೆ. ಆ ಮಾತು ಕೇಳಿ ಎಲ್ಲರೂ ಕತ್ತಿ ಕೆಳಗಿಟ್ಟು ಕೂಲಿಗೆ ಹೋದರು. ಸಂಜೆ ಅವಳು ಮನೆಗೆ ಬರುವಷ್ಟರಲ್ಲಿ ಕಣದ ತುಂಬ ಅದೇ ಮಾತು. ಸೊಪ್ಪು ಕಟ್ಟುವ ಪ್ರೇಮಾ, "ಮುಕ್ಕಾಲ್ ಗಂಟೆ ನಿಂತಿದ್ನಂತೆ ಕಣೇ ನಿಂಗಿ. ಬಳೆ ಅಂಗ್ಡಿ ಮುಂದ್ಲೋ, ಬಳೆ ಆಕ್ಕೊಳೋಳ್ ಮುಂದ್ಲೋ!" ಎಂದು ಕೂಗಿದ್ದಳು. ಹೆಂಗಸರು ನಕ್ಕಿದ್ದರು. ನಿಂಗಿ ತಲೆಯೆತ್ತದೆ ದಾರ ಹಲ್ಲಿನಲ್ಲಿ ಕಚ್ಚಿ ಹರಿದು, "ಅವ್ನ್ ಮಕ ಇನ್ ನೋಡಕಿಲ್ಲ ನಾನು," ಎಂದಿದ್ದಳು. ಆ ದಿನದಿಂದ ಅವಳು ಗಂಡನ ಸುದ್ದಿ ಎತ್ತಿರಲಿಲ್ಲ.

ರುದ್ರಸ್ವಾಮಿಯನ್ನು ಕೆಳಗೆ ಬಿಟ್ಟುಬರಲು ಮಹೇಂದ್ರ ಹೋದ. ಅವಳು ಅಂಕಿ ಹೊಡೆದಳು. ಬೆರಳು ಎರಡು ಸಲ ತಪ್ಪು ಕೀ ಒತ್ತಿತು. ಸಂತೆಮಾಳದ ಚುಕ್ಕೆಯನ್ನು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು. ದೂರದಿಂದ ಬೆಂಕಿಕಡ್ಡಿಯ ತಲೆಯಂತೆ ಗಟ್ಟಿಯಾಗಿ ಕಂಡದ್ದು ಹತ್ತಿರಕ್ಕೆ ಬಂದಾಗ ಉಂಗುರವಾಯಿತು. ನಡುವೆ ಏನೂ ಇರಲಿಲ್ಲ. ಮ್ಯಾಪಿನ ಹಸಿರು ಕಾಣುತ್ತಿತ್ತು. ಅದರ ಹಿಂದಿನದೂ ಉಂಗುರ. ಅದಕ್ಕೂ ಹಿಂದಿನದು, 'ಮನೆ' ಎಂದು ಅವಳೇ ಹೆಸರು ಕೊಟ್ಟದ್ದು, ಅದೂ ಉಂಗುರ. ಮಿಷನ್ನು ಕೇತನನ್ನು ಎಬ್ಬಿಸಿ ಹೊಲಕ್ಕೆ ಕಳಿಸಿತ್ತು, ಉಣ್ಣಲು ಮನೆಗೆ ತಂದಿತ್ತು, ಸಂತೆಯಲ್ಲಿ ನಿಲ್ಲಿಸಿತ್ತು, ನಿನ್ನೆ ಡೈರಿಗೂ ಓಡಾಡಿಸಿತ್ತು. ನಿನ್ನೆಯದಕ್ಕೆ ಅವಳು 'ಸರಿ' ಒತ್ತಿದ್ದಳು. ಉಂಗುರಗಳನ್ನು ಒಂದೊಂದಾಗಿ ಹಿಂದಕ್ಕೆ ದಾಟುತ್ತ ಹೋದಳು. ಕೊನೆಗೆ ಸಿಕ್ಕಿತು, ತುಂಬಿದ ಚುಕ್ಕೆ. ಆರು ದಿನದ ಹಿಂದೆ, ಬೆಳಿಗ್ಗೆ ಒಂಬತ್ತು ನಲವತ್ತು. ಊರಿನ ಕೆರೆ ದಾಟಿ, ಶುಂಠಿ ಹೊಲಗಳೂ ಮುಗಿದು, ಆನೆ ಬರದಂತೆ ಅರಣ್ಯದವರು ತೋಡಿಸಿದ ಕಂದಕದ ಹತ್ತಿರ. ಅದರ ಸುತ್ತ ರಸ್ತೆಯಿಲ್ಲ, ಮನೆಯಿಲ್ಲ. ಆ ಒಂಬತ್ತು ನಲವತ್ತರಿಂದ ಫೋನು ಒಮ್ಮೆಯೂ ಅಲ್ಲಾಡಿರಲಿಲ್ಲ.

ಪಕ್ಕದ ಮೇಜಿನವರು ಚುಕ್ಕೆಗಳ ಮೇಲೆ ಟಕ್ ಟಕ್ ಎಂದು ಒತ್ತುತ್ತಲೇ ಇದ್ದರು. ಫ್ಯಾನು ತಿರುಗುತ್ತಿತ್ತು. ಕೆಳಗೆ ಬಸ್ಸಿನವನು "ಉಣ್ಸೂರ್ ಉಣ್ಸೂರ್" ಎಂದು ಕೂಗುತ್ತಿದ್ದ. ಅಲ್ಲಾಡದ ಫೋನಿನ ಪಕ್ಕ ಅಲ್ಲಾಡದ ಕೈಯೊಂದನ್ನು ಅವಳ ಮನಸ್ಸು ತಾನಾಗಿ ತಂದಿಟ್ಟುಕೊಂಡಿತು. ಅವಳು ಕಣ್ಣು ಮುಚ್ಚಿದರೂ ಅದು ಹೋಗಲಿಲ್ಲ, ಉಗುರಿನ ಸಂದಿಯ ಹೊಗೆಸೊಪ್ಪಿನ ಕಪ್ಪೂ ಕಾಣುವಷ್ಟು ಹತ್ತಿರವಾಯಿತು. ಮಹೇಂದ್ರ ಮೆಟ್ಟಿಲು ಹತ್ತಿ ಬಂದ. ಎದ್ದು ನಿಂತಳು. ಎದ್ದು ನಿಂತ ಮೇಲೆ ಮಾತಾಡಲೇಬೇಕಾಯಿತು.

"ಸಾರ್, ಒಂದು ಫೋನು... ಆರು ದಿನದಿಂದ ಅಲ್ಲಾಡಿಲ್ಲ."

"ಬ್ಯಾಟರಿ ಮುಗ್ದಿರುತ್ತೆ. ಬಿಡಿ."

"ಆ ಮನುಷ್ಯ ಮನೆಗೆ ಬಂದಿಲ್ಲ ಸಾರ್. ನಮ್ ಮನೆ ಕೆಲಸದೋನು. ನಾನು ಸಂತೇಲಿದಾನೆ ಅಂತ ಅವರಿಗೆ ಹೇಳ್ಬಿಟ್ಟಿದೀನಿ. ಹುಡುಕೋದು ನಿಲ್ಲಿಸ್ಬಿಟ್ಟಿದಾರೆ."

ಮಹೇಂದ್ರನ ಮುಖದ ಮೇಲೆ ಇನ್ನೂ ಉಳಿದಿದ್ದ ನಗು ಒಂದು ಕ್ಷಣ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತ್ತು. ಅವನು ಅತ್ತಿತ್ತ ನೋಡಿ ದನಿ ಇಳಿಸಿದ. "ಒಬ್ಬರ ನಂಬರ್ ಹೊಡ್ದು ನೋಡಿದ್ರಾ ನೀವು? ಮನೆಯೋರಿಗೆ ಹೇಳಿದ್ರಾ? ಏನ್ರೀ ಸೌಂದರ್ಯ, ಬಾಯೇ ಇಲ್ಲ ಅನ್ಕೊಂಡಿದ್ದೆ ನಿಮ್ಗೆ. ಇದು ಹೊರಗೆ ಹೋದ್ರೆ ಆಫೀಸೇ ಇರಲ್ಲ. ನಿಮ್ಮೊಬ್ರ ಕೆಲ್ಸ ಅಲ್ಲ, ಇಲ್ಲಿರೋ ಹನ್ನೊಂದು ಜನದ್ದು." ಆಮೇಲೆ ಸ್ವಲ್ಪ ಮೆತ್ತಗಾಗಿ, ತನಗೇ ಹೇಳಿಕೊಳ್ಳುವಂತೆ, "ಫೋನ್ ಎಲ್ಲೋ ಬಿದ್ದೋಗಿರುತ್ತೆ. ಅವ್ನು ಆರಾಮಾಗಿ ಕೊಡಗಲ್ಲಿರ್ತಾನೆ. ಕೂತ್ಕೊಳ್ಳಿ," ಎಂದ. ಅವನ ಕಣ್ಣಿನಲ್ಲೂ ಅವಳದೇ ಭಯವಿತ್ತು. ಅದನ್ನು ಕಂಡು ಅವಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕೂತಳು. ಇನ್ನೂ ಹದಿನೇಳು ಚುಕ್ಕೆಗಳಿಗೆ ಹೆಸರು ಕೊಟ್ಟದ್ದು ಆಮೇಲೆ ನೆನಪಾಗಿ ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಹದಿನೆಂಟನೆಯದರ ಮೇಲೆ ಕೈ ಇಟ್ಟಾಗ, ಇದೂ ಉಂಗುರವಿರಬಹುದೇ ಎಂದು ಹತ್ತಿರ ತಂದು ನೋಡುವ ಧೈರ್ಯವೂ ಬರದೆ, ಬ್ಯಾಗು ತೆಗೆದುಕೊಂಡು, ಕೇತನ ಕೊನೆಯ ಜಾಗವನ್ನು ತನ್ನ ಫೋನಿನ ಮ್ಯಾಪಿನಲ್ಲಿ ಗುರುತು ಮಾಡಿಕೊಂಡು, ಯಾರಿಗೂ ಹೇಳದೆ ಮೆಟ್ಟಿಲಿಳಿದಳು. ಹಿಂದಿನಿಂದ ಕರೆಯುತ್ತಾರೆ ಎಂದು ಬೆನ್ನು ಕಾಯುತ್ತಿತ್ತು. ಯಾರೂ ಕರೆಯಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮಳೆ ನಿಂತು ಬಿಸಿಲು ಬಿದ್ದಿತ್ತು, ಹೊಗೆಸೊಪ್ಪಿನ ಹೊಲಗಳು ಕಣ್ಣಿಗೆ ಹೊಡೆಯುವಷ್ಟು ಹಸಿರಾಗಿದ್ದವು. ಮಳೆ ಮೂರು ರಾತ್ರಿ ಸತತ ಹೊಡೆದಿತ್ತು. ಕಂದಕದಲ್ಲಿ ನೀರು ನಿಂತಿರುತ್ತದೆ. ಈ ಯೋಚನೆ ಬಂದದ್ದೇ ಅವಳು ಅದನ್ನು ಹಿಂದಕ್ಕೆ ತಳ್ಳಿದಳು. ಅದು ಮುಂದಿನ ಸೀಟಿನವಳ ಜಡೆಯ ಮೇಲೆ ಬಂದು ಕೂತಿತು. ಎಂಟನೆಯ ಕ್ಲಾಸಿನಲ್ಲಿ ತನ್ನ ಕೈಜಾರಿ ಬಾವಿಗೆ ಚೆಂಬು ಬಿದ್ದಾಗ ಅಮ್ಮನಿಗೆ ಹೇಳಲು ಹೆದರಿ ಇಡೀ ದಿನ ಸುಮ್ಮನಿದ್ದಳು. ಸಂಜೆ ಅಮ್ಮ ಕೆಲಸದ ಚಿಕ್ಕಬೀರಮ್ಮನೇ ಕದ್ದಳೆಂದು ಬೈದು ಕಳಿಸಿದಾಗಲೂ ಅವಳು ಓದುತ್ತಿರುವವಳಂತೆ ಪುಸ್ತಕ ಹಿಡಿದಿದ್ದಳು. ಚಿಕ್ಕಬೀರಮ್ಮ ಹೋಗುವಾಗ ಅವಳ ಕಡೆ ನೋಡಿ, "ಓದ್ಕೋ ಕೂಸು," ಎಂದಿದ್ದಳು. ಗೊತ್ತಿತ್ತೇ ಅವಳಿಗೆ? ಟಿಕೆಟ್ ಕೊಡಲು ಬಂದ ಕಂಡಕ್ಟರು, "ಎಲ್ಲಿಗೆ?" ಎಂದ. ಅವಳು ಊರಿನ ಹೆಸರು ಹೇಳಿದಳು. "ಜೋರಾಗಿ ಏಳವ್ವ, ಇನ್ನೂ ಒಟ್ಟೇಲೇ ಐತೆ ಮಾತು." ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಬಸ್ಸು ಹಾಗೇ ಮುಂದೆ ಹೋಗಿ ಅಂತರಸಂತೆ ದಾಟಿ ಎಲ್ಲಾದರೂ ಹೋಗಿಬಿಡಲಿ, ನಾನು ಇಳಿಯಬೇಕಾದ ಜಾಗ ಬಾರದೇ ಇರಲಿ ಎಂದು ಅವಳು ಬೇಡಿಕೊಂಡಳು. ಬಂದಿತು. ಇಳಿದಳು.

ಕಣದಲ್ಲಿ ಎಂದಿನಂತೆ ಕೆಲಸ ನಡೆದಿತ್ತು. ಹಸಿ ಸೊಪ್ಪಿನ ರಾಶಿಯ ಸುತ್ತ ಹೆಂಗಸರು ಕೂತು ಉದ್ದನೆಯ ಕೋಲುಗಳಿಗೆ ಎಲೆ ಪೋಣಿಸಿ ಕಟ್ಟುತ್ತಿದ್ದರು. ಸೊಪ್ಪು ಬೇಯಿಸುವ ಬ್ಯಾರನ್ನಿನ ಬಾಗಿಲಲ್ಲಿ ಅಪ್ಪ ಪುಟ್ಟಮಲ್ಲಪ್ಪ ಕೋಲು ಎಣಿಸುತ್ತ ನಿಂತಿದ್ದರು.

"ಯಾಕವ್ವ, ಇಷ್ಟೊತ್ಗೇ ಬಂದ್ಬುಟ್ಟೆ? ಉಸಾರಿಲ್ವಾ?"

ಅವಳು ನೇರ ನಿಂಗಿಯ ಎದುರು ಹೋಗಿ ನಿಂತಳು. ನಿಂಗಿ ತಲೆಯೆತ್ತಿದಳು. ಆರು ದಿನದಲ್ಲಿ ಅವಳ ಕೆನ್ನೆಯ ಮೂಳೆ ಎದ್ದಿದ್ದುದನ್ನು ಸೌಂದರ್ಯ ಈಗ ನೋಡಿದಳು. ದಿನವೂ ನೋಡುತ್ತಿದ್ದವಳು ಈಗ ನೋಡಿದಳು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿಗೋ ಹೋದವು.

"ಕೇತ ಸಂತೇಲಿರಲಿಲ್ಲ. ನಾನು ಹೇಳಿದ್ದು ತಪ್ಪು."

ದಾರ ಎಳೆಯುತ್ತಿದ್ದ ಕೈಗಳೆಲ್ಲ ನಿಂತವು.

"ಅವ್ನು ಅಲ್ಲಿಗೆ ಹೋಗೇ ಇಲ್ಲ. ಕಂಪ್ಯೂಟರು ತಾನೇ ಅಂದಾಜು ಮಾಡಿ ತೋರಿಸಿದ್ದು. ನಾನು ಸರಿಯಾಗಿ ನೋಡ್ದೆ ಹೇಳ್ಬಿಟ್ಟೆ."

"ಓಗಿಲ್ವಾ?" ನಿಂಗಿ ಕೇಳಿದಳು. ಅವಳ ಮುಖ ಬಿಚ್ಚಿಕೊಂಡಿತು. ಪ್ರೇಮಾಳ ಕಡೆ ತಿರುಗಿ, "ಓಗಿಲ್ವಂತೆ ಕಣೇ! ಸಂತೇಗ್ ಓಗೇ ಇಲ್ವಂತೆ! ನಾ ಏಳ್ಲಿಲ್ವಾ, ನಮ್ಮೋರು ಅಂಥೋರಲ್ಲ ಅಂತ," ಎಂದಳು. ನಿಜಕ್ಕೂ ನಕ್ಕಳು. ಆ ನಗು ಅರ್ಧಕ್ಕೆ ಬಂದಾಗ ಅದರ ಹಿಂದಿನಿಂದ ಇನ್ನೊಂದು ತಿಳಿವಳಿಕೆ ಬಂದು ಅದನ್ನು ಹಿಡಿಯಿತು. ಸೌಂದರ್ಯ ಅದನ್ನು ಪೂರ್ತಿ ನೋಡಬೇಕಾಯಿತು. ಕಣ್ಣು ತೆಗೆಯಲು ಅವಳಿಗೆ ಹಕ್ಕಿರಲಿಲ್ಲ. "ಅಂಗಾರೆ," ನಿಂಗಿ ಬಹಳ ಮೆಲ್ಲಗೆ ಹೇಳಿದಳು, "ಅಂಗಾರೆ ಎಲ್ಲವ್ರೆ?"

"ಫೋನು ಕಂದಕದ ಹತ್ರ ಇದೆ. ಕೆರೆ ಆಚೆ. ಆರು ದಿನದಿಂದ ಅಲ್ಲೇ ಇದೆ."

ಅಪ್ಪನ ಕೈಯಿಂದ ಕೋಲಿನ ಕಟ್ಟು ನೆಲಕ್ಕೆ ಜಾರಿತು. "ಒಳಕ್ ನಡಿ," ಎಂದರು. ಅವಳು ಅಲ್ಲಾಡಲಿಲ್ಲ. ಅವರು ಹತ್ತಿರ ಬಂದು ರಟ್ಟೆ ಹಿಡಿದು ಬ್ಯಾರನ್ನಿನ ಪಕ್ಕಕ್ಕೆ ಕರೆದೊಯ್ದರು. "ಯಾಕ್ ಬೇಕಿತ್ತವ್ವ ನಿಂಗೆ ಇದು? ಕೋಲು ಸಾಲ್ದು, ಕಾಡಿಂದ ಒಂದ್ ಒರೆ ಕಡ್ಕೊಂಡ್ ಬಾ ಅಂತ ಅವತ್ತು ನಾನೇ ಕಳ್ಸಿದ್ದು. ಫಾರೆಸ್ಟ್‌ನೋರ್ಗೆ ಗೊತ್ತಾದ್ರೆ ನನ್ನ ಒಳಗಾಕ್ತಾರೆ. ನೀನು ಸಂತೇಲವ್ನೆ ಅಂದ್ಯಲ್ಲ, ಸದ್ಯ ಅಂದ್ಕಂಡು ಸುಮ್ಕಿದ್ದೆ." ಅಪ್ಪನ ಮುಖ ಅವಳು ಕಂಡಿರದಷ್ಟು ಸಣ್ಣದಾಗಿತ್ತು. ಗುರುತು ಸಿಕ್ಕಿತು ಅವಳಿಗೆ. ಅದು ತನ್ನದೇ ಮುಖ, ಪುಸ್ತಕ ಹಿಡಿದು ಕೂತಿದ್ದ ಮುಖ. ಹಾಗಾದರೆ ಇದು ತನಗೆ ಎಲ್ಲಿಂದ ಬಂತೆಂದು ಇನ್ನು ಹುಡುಕಬೇಕಾಗಿಲ್ಲ. ರಟ್ಟೆ ಬಿಡಿಸಿಕೊಂಡಳು. ಅಪ್ಪ ತಡೆಯಲಿಲ್ಲ. ನಿಂಗಿ ಆಗಲೇ ಹಾಡಿಯ ಹಾದಿಯಲ್ಲಿ ಓಡುತ್ತಿದ್ದಳು.

ಹಾಡಿಯಿಂದ ಕುಳ್ಳಯ್ಯ ಬಂದ, ಕೂಲಿಗೆ ಹೋಗದೆ ಉಳಿದಿದ್ದ ನಾಲ್ವರು ಗಂಡಸರು ಬಂದರು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ದಾರಿ ತೋರ್ಸವ್ವ," ಎಂದ ಕುಳ್ಳಯ್ಯ, ಅಷ್ಟೆ. ಅವನಿಗೆ ಒಂದು ಕಣ್ಣಿನಲ್ಲಿ ಪೊರೆ, ಇನ್ನೊಂದರಲ್ಲೂ ದೂರದ್ದು ಕಾಣದು. ಆದರೂ ಅವಳಿಗಿಂತ ಮುಂದೆ ನಡೆದ. ಕೆರೆ ಏರಿ, ಶುಂಠಿ ಹೊಲದ ಬದು, ಲಂಟಾನದ ಪೊದೆ. ಅವಳು ಫೋನು ಅಂಗೈಯಲ್ಲಿ ಹಿಡಿದು ಹೆಜ್ಜೆ ಹೆಜ್ಜೆಗೂ ನೋಡಿಕೊಳ್ಳುತ್ತ ಹೋದಳು. ಮ್ಯಾಪಿನಲ್ಲಿ ಎರಡು ಬೆರಳಗಲವಿದ್ದ ದಾರಿ ಕಾಲಿಗೆ ಮುಗಿಯುತ್ತಲೇ ಇರಲಿಲ್ಲ. ನನಗೆ ಮೊದಲು ಕಾಣುವುದು ಬೇಡ, ಬೇರೆ ಯಾರಿಗಾದರೂ ಕಾಣಲಿ, ಎಂದುಕೊಳ್ಳುತ್ತಿದ್ದಳು. ಹಾಗೆಂದುಕೊಳ್ಳುತ್ತಿರುವುದು ನಿಂಗಿಗೆ ಕೇಳಿಸಿಬಿಡುತ್ತದೆಂದು ಹೆದರುತ್ತಿದ್ದಳು. ನಿಂಗಿಯ ಉಸಿರು ಹಿಂದಿನಿಂದ ಅವಳ ಕುತ್ತಿಗೆಗೆ ತಾಗುತ್ತಿತ್ತು.

"ಇಲ್ಲೇ," ಎಂದಳು ಕೊನೆಗೆ.

ಇಲ್ಲೇ ಏನೂ ಇರಲಿಲ್ಲ. ದಿಣ್ಣೆಯ ಮೇಲೆ ಒಂದು ಹೊನ್ನೆ ಮರ. ಅದರ ಕೆಳಕವಲಿಗೆ ಅಕ್ಕಿಯ ಸಣ್ಣ ಚೀಲವೊಂದನ್ನು ಅಲ್ಲಾಡದಂತೆ ಬಿಗಿದು ಕಟ್ಟಲಾಗಿತ್ತು. ಕುಳ್ಳಯ್ಯ ಅದನ್ನು ತಡವಿ ಒಳಗಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನು ತೆಗೆದ. "ಅವ್ನ್ದೇಯ," ಎಂದ. ಅವಳಿಗೆ ಅರ್ಥವಾಗದ್ದನ್ನು ಕಂಡು ನಿಂಗಿಯೇ ಹೇಳಿದಳು, "ಇಲ್ಲಿಂದ ಆಚ್ಗೆ ರಿಂಗ್ ಆಗಕಿಲ್ಲ ಕಣವ್ವ. ಒಳಕ್ ಓಗೋರು ಪೋನ್ ಇಲ್ಲೇ ಮರಕ್ಕಾಕ್ಬುಟ್ಟು ಓಯ್ತಾರೆ. ಇಲ್ಲಾರೆ ಮಳೇಲಿ ನೆಂದೋಯ್ತದೆ, ಬಗ್ಗೋವಾಗ ಬಿದ್ದೋಯ್ತದೆ. ಬತ್ತಾ ಎತ್ಕೊಳೋದು." ಹಾಡಿಯವರಿಗೆಲ್ಲ ಗೊತ್ತಿದ್ದ ಮರ. ಕೇತ ಈ ಕಡೆ ಬಂದದ್ದು ಮಾತ್ರ ಅಪ್ಪನೊಬ್ಬರ ಹೊರತು ಯಾರಿಗೂ ಗೊತ್ತಿರಲಿಲ್ಲ. ಮೊನ್ನೆ ಹುಡುಕಲು ಹೊರಟಿದ್ದರೆ ಇಲ್ಲಿಗೂ ಬರುತ್ತಿದ್ದರು. ತುಂಬಿದ ಚುಕ್ಕೆಯ ಒಳಗೂ ಮನುಷ್ಯನಿರಲಿಲ್ಲ. ಸೌಂದರ್ಯ ಮರದ ಬುಡಕ್ಕೆ ಕೈ ಕೊಟ್ಟು ನಿಂತಳು. ಇನ್ನು ಅವಳ ಹತ್ತಿರ ತೋರಿಸಲು ಯಾವ ಗುರುತೂ ಇರಲಿಲ್ಲ. ಮುಂದೆ ಕಂದಕ, ಕಂದಕದಾಚೆ ಕಾಡು, ಎಡಕ್ಕೂ ಬಲಕ್ಕೂ ಒಂದೇ ಹಸಿರು.

ಗಂಡಸರು ಚದುರಿ ಕಂದಕದ ಏರಿಯುದ್ದಕ್ಕೂ ಕೂಗುತ್ತ ಹೋದರು. "ಕೇತಾ... ಓ ಕೇತಾ..." ನಿಂಗಿ ಕೂಗಲಿಲ್ಲ. ಅವಳು ನೆಲ ನೋಡುತ್ತ, ಮುರಿದ ಕಡ್ಡಿ, ಕಡಿದ ಬುಡ ನೋಡುತ್ತ, ಬಗ್ಗಿ ಬಗ್ಗಿ ಬಲಕ್ಕೆ ಹೋದಳು. ಒಂದು ಕಡೆ ನಿಂತು ಲಂಟಾನದ ನಡುವಿನಿಂದ ಏನನ್ನೋ ಎಳೆದಳು. ಕಡಿದು ಕಟ್ಟಿದ ಕೋಲುಗಳ ಹೊರೆ. ಬಳ್ಳಿ ಇನ್ನೂ ಬಿಗಿಯಾಗಿತ್ತು. ಹೊತ್ತು ತರಲು ಸಿದ್ಧಮಾಡಿಟ್ಟದ್ದು. ಆ ಹೊರೆಯಿಂದಾಚೆ ಕಂದಕದ ಅಂಚು ಮಳೆಗೆ ಕುಸಿದು ಕೆಮ್ಮಣ್ಣು ಒಳಕ್ಕೆ ಜಾರಿದ್ದು ಸೌಂದರ್ಯಳಿಗೂ ಕಂಡಿತು. ನಿಂಗಿ ಅಂಚಿಗೆ ಹೋದಳು. ಬಗ್ಗಿದಳು. ಯಾವ ಸದ್ದೂ ಮಾಡದೆ ಕೂತು, ಕೂತಲ್ಲಿಂದಲೇ ಜಾರಿ ಒಳಗಿಳಿದು ಕಾಣದಾದಳು. ಹಿಂದೆಯೇ ಇಬ್ಬರು ಓಡಿಹೋಗಿ ಧುಮುಕಿದರು. ಒಬ್ಬ ಮೇಲೆಯೇ ನಿಂತು, "ಅಗ್ಗ! ಅಗ್ಗ ತನ್ರೋ! ನೀರ್ ತನ್ರೋ!" ಎಂದು ಅರಚಿದ. ನೀರೇಕೆ? ಬದುಕಿದ್ದರೆ ಕುಡಿಸಲಿಕ್ಕೆ. ಇಲ್ಲದಿದ್ದರೆ ಮಣ್ಣು ತೊಳೆಯಲಿಕ್ಕೆ. ಎರಡೂ ಅವಳ ತಲೆಯಲ್ಲಿ ಒಂದೇ ದನಿಯಲ್ಲಿ ಕೂಗಿದವು.

ಓಡಲಾಗದೆ ಹಿಂದುಳಿದಿದ್ದ ಕುಳ್ಳಯ್ಯ ಗಾಳಿಯಲ್ಲಿ ಕೈಯಾಡಿಸುತ್ತ ಅವಳ ಪಕ್ಕಕ್ಕೆ ಬಂದ. ಫೋನನ್ನು ಎದೆಗೆ ಒತ್ತಿ ಹಿಡಿದಿದ್ದ. "ಅವ್ವಾ, ನಿಮ್ಗೆ ಕಾಣ್ತದಲ್ಲ. ಅವ್ನೇನಾ? ಬದ್ಕವ್ನಾ? ಏಳವ್ವ."

ಕಂದಕದೊಳಗಿಂದ ನಿಂಗಿಯ ತಲೆಯ ನೆತ್ತಿ ಮಾತ್ರ ಕಾಣುತ್ತಿತ್ತು. ಅದು ಯಾವುದರ ಮೇಲೋ ಬಾಗಿತ್ತು. ಅವಳು ಮಾತಾಡುತ್ತಿದ್ದಳೋ ಅಳುತ್ತಿದ್ದಳೋ, ದನಿ ಇಲ್ಲಿಗೆ ಬರುವಷ್ಟರಲ್ಲಿ ಗಾಳಿಯಾಗುತ್ತಿತ್ತು. ಸೌಂದರ್ಯಳ ನಾಲಿಗೆಯ ತುದಿಗೆ 'ಹೂಂ' ಬಂತು. ಮುದುಕನ ಮಂಜುಗಣ್ಣು ಆ ಒಂದು ಅಕ್ಷರಕ್ಕಾಗಿ ಅವಳ ಬಾಯಿಯ ಹತ್ತಿರಕ್ಕೇ ಬಂದಿತ್ತು. ಹೇಳಿದರೆ ಅವನು ಇಲ್ಲೇ ಕೂತು ಉಸಿರು ಬಿಟ್ಟಾನು, ಅವಳೂ ಕೂರಬಹುದು, ಇಬ್ಬರೂ ಇಲ್ಲಿಂದಲೇ ನೋಡುತ್ತ ಇರಬಹುದು. ಇನ್ನು ಹತ್ತು ಹೆಜ್ಜೆ ಮುಂದಿಟ್ಟರೆ ಅವಳಿಗೆ ಕಾಣಿಸುವುದಿತ್ತು.

"ನಂಗೊತ್ತಿಲ್ಲ," ಎಂದಳು. ದನಿ ಜೋರಾಗಿಯೇ ಬಂತು. "ಇಲ್ಲಿಂದ ಗೊತ್ತಾಗಲ್ಲ ತಾತ. ಬನ್ನಿ."

ಅವಳು ಅವನ ಕೈ ಹಿಡಿದುಕೊಂಡಳು. ಇಬ್ಬರೂ ಕುಸಿದ ಅಂಚಿನ ಕಡೆಗೆ ನಡೆದರು.